ಬುಧವಾರದ ದೂರು

ಬೇಳೆ ಆರಿಸುವಾಗ ಕಾಕಾ ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿ ಮುಖವನ್ನು ತಟ್ಟೆಯ ಹತ್ತಿರಕ್ಕೆ ತರುತ್ತಿದ್ದರು. ಎಷ್ಟು ಹತ್ತಿರವೆಂದರೆ ಮೂಗಿನ ತುದಿಗೆ ಬೇಳೆಯ ಹಳದಿ ಪುಡಿ ಮೆತ್ತಿಕೊಳ್ಳುತ್ತಿತ್ತು. ಅವರ ಬಲಗೈಯ ತೋರುಬೆರಳಿನ ತುದಿ, ಎಂದೋ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ, ಚಪ್ಪಟೆಯಾಗಿತ್ತು. ಆ ಬೆರಳಿನಿಂದ ತೊಗರಿಬೇಳೆಯನ್ನು ಒಂದೊಂದೇ ಕಾಳಾಗಿ ತಟ್ಟೆಯ ಈ ಅಂಚಿನಿಂದ ಆ ಅಂಚಿಗೆ ತಳ್ಳುತ್ತ ಕೂರುತ್ತಿದ್ದರು. ಥಾರ್ನ್‌ಹಿಲ್ಲಿನ ಅವರ ಅಡುಗೆಮನೆಯ ಕಿಟಕಿಯ ಆಚೆ ಹಿಮ ಬಿದ್ದಿದ್ದರೆ ಬೆಳಕು ಚೆನ್ನಾಗಿರುತ್ತದೆಂದು ಅವತ್ತು ಇನ್ನೂ ಹೆಚ್ಚು ಹೊತ್ತು ಆರಿಸುತ್ತಿದ್ದರು.

ಆ ಬೇಳೆ ಇಂಡಿಯನ್ ಅಂಗಡಿಯಿಂದ ತಂದದ್ದು. ಯಂತ್ರದಲ್ಲಿ ಶುದ್ಧವಾಗಿ, ಪ್ಯಾಕೆಟ್ಟಿನಲ್ಲಿ ಬಿಗಿಯಾಗಿ ಬಂದದ್ದು. ಅದರಲ್ಲಿ ಕಲ್ಲಿರಲಿಲ್ಲ, ಕಸವಿರಲಿಲ್ಲ. ಅವರು ಅದರಿಂದ ಏನನ್ನಾದರೂ ಆರಿಸಿ ಹೊರಗೆ ಹಾಕಿದ್ದನ್ನು ನಾನು ಒಂದು ದಿನವೂ ಕಾಣಲಿಲ್ಲ. ಮೊದಲ ಸಲ ನೋಡಿದಾಗ ಈ ಮನುಷ್ಯನಿಗೆ ತಲೆ ಸರಿಯಿಲ್ಲ, ಇಲ್ಲವೇ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ.

ನನ್ನ ಬುದ್ಧಿಯೇ ಹಾಗೆ. ಬರ್ಲಿಂಗ್ಟನ್ನಿನ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಕ್ಲೇಮುಗಳನ್ನು ಪರಿಶೀಲಿಸುವ ಕೆಲಸ ನನ್ನದು. ಬೇಸ್‌ಮೆಂಟಿಗೆ ನೀರು ನುಗ್ಗಿತು ಎಂದು ಯಾರಾದರೂ ಅರ್ಜಿ ಹಾಕಿದರೆ ನೀರು ತಾನಾಗಿ ನುಗ್ಗಿತೋ, ಇವರೇ ಕರೆದು ಕೂರಿಸಿದರೋ ಎಂದು ನೋಡಬೇಕು. ಕೆಲಸ ಬರುವ ಮೊದಲೂ ನಾನೇನು ಸಾಧುವಾಗಿರಲಿಲ್ಲ. ಮದುವೆಯಾದ ಹೊಸದರಲ್ಲಿ ಗಂಡ ಹೂ ತಂದುಕೊಟ್ಟಾಗ ಯಾಕೆ ಎಂದು ಕೇಳಿದ್ದೆ. ಆಮೇಲೆ ಅವರು ತಂದಿಲ್ಲ.

ಕಾಕಾ ನನ್ನ ಬದುಕಿನೊಳಗೆ ಬಂದದ್ದು ತಂಗಿಯ ಮಗಳಿಂದ. ಅವಳು ಮೈಸೂರಿನಿಂದ ಇಲ್ಲಿಗೆ ಕಾಲೇಜಿಗೆ ಬಂದಾಗ ನಮ್ಮ ಮನೆಯಲ್ಲೇ ಇರಲಿ ಎಂಬುದು ನನ್ನ ಆಸೆ. ಬರ್ಲಿಂಗ್ಟನ್ನಿನಿಂದ ಅವಳ ಕಾಲೇಜಿಗೆ ದಿನವೂ ಹೋಗಿಬರುವುದು ಆಗದ ಮಾತು. ಹಾಗಾಗಿ ಥಾರ್ನ್‌ಹಿಲ್ಲಿನಲ್ಲಿ, ಸ್ಟೀಲ್ಸ್ ರಸ್ತೆಯ ಬಸ್ಸು ಸಿಗುವ ಕಡೆ, ಒಂದು ರೂಮಿನಲ್ಲಿ ಇನ್ನಿಬ್ಬರ ಜೊತೆ ಸೇರಿಕೊಂಡಳು. ಅವಳು ವಿಮಾನ ಹತ್ತಿದ ದಿನ ತಂಗಿ ಫೋನಿನಲ್ಲಿ ಅಳುತ್ತ, "ಇನ್ಮೇಲೆ ಅವಳು ನಿನ್ನ ಮಗಳು ಅಕ್ಕ" ಎಂದಿದ್ದಳು. ಅಷ್ಟು ಸಾಕಲ್ಲ ನನ್ನ ನಿದ್ದೆ ಕೆಡಲು.

ಒಂದು ಬುಧವಾರ ಫೋನು ಮಾಡಿ ಏನು ಊಟ ಎಂದು ಕೇಳಿದೆ.

"ಇವತ್ತು ಕಾಕಾ ಮನೇಲಿ ದೊಡ್ಡಮ್ಮ."

ಯಾವ ಕಾಕಾ? ನಮ್ಮ ವಂಶದಲ್ಲೇ ಕಾಕಾ ಇಲ್ಲ. ಮೈಸೂರಿನವರಿಗೆ ಚಿಕ್ಕಪ್ಪ ಇರುತ್ತಾರೆ, ಕಾಕಾ ಇರುವುದಿಲ್ಲ. ಗದರಿ ಕೇಳಿದ ಮೇಲೆ ಒಂದೊಂದಾಗಿ ಹೊರಬಿತ್ತು. ಧಾರವಾಡದ ಕಡೆಯ ಮುದುಕರಂತೆ. ಹೆಂಡತಿ ತೀರಿಕೊಂಡಿದ್ದಾರೆ, ಒಬ್ಬರೇ ಇರುತ್ತಾರೆ. ಪ್ರತಿ ಬುಧವಾರ ಸಂಜೆ ವಿದ್ಯಾರ್ಥಿಗಳಿಗೆ ಅಡುಗೆ ಮಾಡಿ ಬಡಿಸುತ್ತಾರೆ, ಕಾಸು ಮುಟ್ಟುವುದಿಲ್ಲ. ಕಾಫಿ ಅಂಗಡಿಯಲ್ಲಿ ಇವಳಿಗೆ ಶಿಫ್ಟು ಕಡಿಮೆಯಾಗಿದೆ ಎಂದು ತಿಳಿದು, ಮುಂದಿನ ತಿಂಗಳಿನಿಂದ ತಮ್ಮ ಬೇಸ್‌ಮೆಂಟಿನಲ್ಲೇ ಇರು ಎಂದಿದ್ದಾರೆ.

"ಬಾಡಿಗೆ ಎಷ್ಟು ಕಡಿಮೆ ಅಂದ್ರೆ ನೀವು ನಂಬಲ್ಲ" ಎಂದಳು. ನಾನು ನಂಬುವುದಿಲ್ಲ ಎಂದು ಗೊತ್ತಿದ್ದ ಮೇಲೆ ಈ ಹುಡುಗಿ ನನಗೆ ಹೇಳಿದ್ದಾದರೂ ಯಾಕೋ. ಕಡಿಮೆಗೆ ಸಿಕ್ಕಿತು ಎಂದು ಹಿಗ್ಗಿದವರ ಕಥೆಗಳಿಂದಲೇ ನನ್ನ ಆಫೀಸಿನ ಕಪಾಟು ತುಂಬಿದೆ. ಮುಂದಿನ ಬುಧವಾರ ಅರ್ಧ ದಿನ ರಜೆ ಹಾಕಿ ಕಾರು ಹತ್ತಿದೆ.

ಮನೆ ಹಳೆಯದು, ಕೆಂಪು ಇಟ್ಟಿಗೆಯದು, ಒಂದೇ ಅಂತಸ್ತು. ಬೇಸ್‌ಮೆಂಟಿಗೆ ಪಕ್ಕದಿಂದ ಬೇರೆ ಬಾಗಿಲು. ಮನೆ ತೋರಿಸುತ್ತೇನೆ ಎಂದು ಹುಡುಗಿ ಕರೆದುಕೊಂಡು ಹೋದಾಗ ನಾನು ಮೊದಲು ನೋಡಿದ್ದು ರೂಮಿನ ಚಿಲಕ ಒಳಗಿನಿಂದ ಹಾಕಲು ಬರುತ್ತದೋ ಇಲ್ಲವೋ ಎಂಬುದನ್ನು. ಬರುತ್ತಿತ್ತು. ಕಿಟಕಿಯಿಂದ ಒಬ್ಬ ಮನುಷ್ಯ ಹೊರಗೆ ನುಸುಳಬಹುದೇ ಎಂದು ನೋಡಿದೆ. ನುಸುಳಬಹುದಿತ್ತು. ಹೊಗೆಯ ಅಲಾರಾಮಿನ ಗುಂಡಿಯನ್ನು ಒತ್ತಿ ನೋಡಿದೆ. ಅದು ಕಿರುಚಿಕೊಂಡಾಗ ಮೆಟ್ಟಿಲ ಮೇಲೆ ಕಾಕಾ ನಿಂತಿದ್ದರು, ಕೈಯಲ್ಲಿ ಸೌಟು. ನಾನು ಮಾಡುತ್ತಿದ್ದದ್ದನ್ನು ಅಷ್ಟೂ ನೋಡಿದ್ದರೆಂದು ಕಾಣುತ್ತದೆ. ಊಟಕ್ಕೆ ಬರ್ರಿ ಎಂದು ಕರೆದು ಮೇಲೆ ಹೋದರು.

ಮೇಜಿನ ಸುತ್ತ ಐದಾರು ಮಕ್ಕಳು. ಬಾಗಲಕೋಟೆಯ ಕಡೆಯ ಒಬ್ಬ ಹುಡುಗ, ನಮ್ಮ ಹುಡುಗಿ, ಕಾಲೇಜಿನ ಸ್ನೇಹಕ್ಕೆ ಬಂದ ಒಬ್ಬ ಪಂಜಾಬಿ ಹುಡುಗಿ, ಇನ್ನಷ್ಟು ಮಂದಿ. ಎಲ್ಲರಿಗೂ ಬಡಿಸಿ, ತಮಗೂ ಬಡಿಸಿಕೊಂಡು, ಎಲ್ಲರಿಗಿಂತ ಮೊದಲು ಕಾಕಾ ತಾವೇ ಒಂದು ತುತ್ತು ಅನ್ನ ಸಾರು ಕಲಸಿ ಬಾಯಿಗಿಟ್ಟರು. ಉಳಿದವರು ಕೈ ಕಟ್ಟಿ ಕಾಯುತ್ತಿದ್ದರು. ಅವರು ನುಂಗಿದ ಮೇಲೆಯೇ ಮಕ್ಕಳು ತಟ್ಟೆಗೆ ಕೈ ಹಾಕಿದ್ದು. ಊಟಕ್ಕೆ ಕರೆದವರು ಕೊನೆಗೆ ಉಣ್ಣುವುದನ್ನು ಕಂಡು ಬೆಳೆದವಳು ನಾನು. ಇದೆಂಥ ಅವಸರದ ಮುದುಕ ಎನ್ನಿಸಿತು.

ಊಟ ಮುಗಿಯಿತು. ಕೈ ತೊಳೆಯಲು ಯಾರೂ ಏಳಲಿಲ್ಲ. ಕಾಕಾ ನೀರು ಕುಡಿದು ಲೋಟ ಕೆಳಗಿಟ್ಟು, "ಹೂಂ. ದೂರು ಹೇಳ್ರಿ" ಎಂದರು.

ಆ ಮನೆಯ ನಿಯಮ ಅದು. ಉಂಡವರೆಲ್ಲ ಊಟದಲ್ಲಿ ಏನು ಸರಿಯಿಲ್ಲ ಎಂಬುದನ್ನು ಹೇಳಿಯೇ ಏಳಬೇಕು. ಪಂಜಾಬಿ ಹುಡುಗಿ ಒಂದಿಷ್ಟೂ ನಾಚದೆ, "ಅಂಕಲ್‌ಜಿ, ದಾಲ್ ಫೀಕಾ" ಎಂದಳು. ಅನ್ನ ಮುದ್ದೆಯಾಗಿದೆ ಎಂದು ಬಾಗಲಕೋಟೆಯವನ ದೂರು. ಮಜ್ಜಿಗೆ ಹುಳಿ ಎಂದು ನಮ್ಮವಳದು. ಡಾಕ್ಟರು ರೋಗಿಯ ಮಾತು ಕೇಳುವ ಹಾಗೆ ಕಾಕಾ ತಲೆ ಅಲ್ಲಾಡಿಸುತ್ತ ಕೇಳಿಸಿಕೊಳ್ಳುತ್ತಿದ್ದರು. ಸರದಿ ನನ್ನ ಹತ್ತಿರ ಬಂತು.

ಎಲ್ಲ ತುಂಬ ಚೆನ್ನಾಗಿತ್ತು ಎಂದೆ. ಬೇರೆಯವರ ಮನೆಯಲ್ಲಿ ಉಂಡು ಇನ್ನೇನು ಹೇಳಲಿ.

"ಹಂಗಂದ್ರ ಅಕ್ಕಾರ, ಮುಂದಿನ ಬುಧವಾರ ನಿಮಗ ತಾಟ ಹಾಕೂದಿಲ್ಲ."

ಮಕ್ಕಳು ನಕ್ಕರು. ಅವರು ನಗಲಿಲ್ಲ. ನನಗೂ ರೇಗಿತು. ದೂರು ಬೇಕಾದರೆ ತಗೊಳ್ಳಲಿ ಎಂದು ಬಾಯಿ ಬಿಟ್ಟೆ.

"ನನ್ನ ದೂರು ಅಡುಗೆ ಮೇಲಲ್ಲ ಸಾರ್. ಗುರುತು ಪರಿಚಯ ಇಲ್ಲದ ಮಕ್ಕಳನ್ನ ಕರೆದು ಊಟ ಹಾಕ್ತೀರಿ, ಮನೇಲಿಟ್ಕೋತೀರಿ. ಯಾಕೆ? ಇದ್ರಿಂದ ನಿಮಗೇನು ಸಿಗತ್ತೆ?"

ನಮ್ಮ ಹುಡುಗಿಯ ಮುಖ ನೋಡುವ ಹಾಗಿರಲಿಲ್ಲ. ಕಾಕಾ ಮಾತ್ರ ಕನ್ನಡಕವನ್ನು ಹಣೆಗೇರಿಸಿ, ಬೇಳೆ ನೋಡುವಷ್ಟೇ ಗಮನವಿಟ್ಟು ನನ್ನನ್ನು ನೋಡಿದರು. ಆಮೇಲೆ ಅವರ ಮುಖವೆಲ್ಲ ಅರಳಿತು.

"ಇಷ್ಟು ವರ್ಷಕ್ಕ ಒಂದು ಚಲೋ ದೂರು ಬಂತು ನೋಡ್ರಿ. ಬರ್ರಿ ಮುಂದಿನ ಬುಧವಾರ."

ಉತ್ತರ ಮಾತ್ರ ಕೊಡಲಿಲ್ಲ. ನಮ್ಮ ಕೆಲಸದಲ್ಲಿ, ಪ್ರಶ್ನೆಯನ್ನು ಹೊಗಳಿ ಉತ್ತರವನ್ನು ನುಂಗುವವರನ್ನು ಮೊದಲು ಗುರುತು ಹಾಕಿಕೊಳ್ಳುತ್ತೇವೆ. ಸಾಧ್ಯವಾದ ಬುಧವಾರವೆಲ್ಲ ನಾನು ಥಾರ್ನ್‌ಹಿಲ್ಲಿಗೆ ಹೋಗತೊಡಗಿದ್ದು ಹೀಗೆ. ಬೇಡವೆಂದರೂ ಹುಡುಗಿ ಅಲ್ಲಿಗೆ ಸಾಮಾನು ಸಾಗಿಸಿದ್ದಳು. ಹಾಗಾಗಿ ಕಣ್ಣಿಡುವುದೊಂದೇ ನನಗೆ ಉಳಿದಿದ್ದ ದಾರಿ.

ಕಣ್ಣಿಟ್ಟವಳಿಗೆ ಕಂಡದ್ದೆಲ್ಲ ವಿಚಿತ್ರವೇ. ಫೀಕಾ, ಸಪ್ಪೆ ಎಂದು ದೂರು ಬಂದರೆ ಮುಂದಿನ ವಾರ ಖಾರ ಏರಿರುತ್ತಿತ್ತು. ಮಜ್ಜಿಗೆಯನ್ನು ಮಾತ್ರ ಅವರಿಂದ ಸರಿಮಾಡಲು ಆಗಲೇ ಇಲ್ಲ. ಮಕ್ಕಳು ಊಟದ ತಟ್ಟೆಯ ಜೊತೆ ಅವರ ಫೋಟೋ ತೆಗೆಯಲು ಫೋನು ಎತ್ತಿದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಒಮ್ಮೆ ಬಾಗಲಕೋಟೆಯ ಹುಡುಗ, ಕೆಲಸ ಸಿಕ್ಕಿತು ಎಂದು ಪೇಡೆಯ ಡಬ್ಬಿ ತಂದು ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದ. ಕಾಕಾ ಬಿಸಿ ಹಂಚು ತುಳಿದವರ ಹಾಗೆ ಹಿಂದಕ್ಕೆ ಹಾರಿದರು. ಪೇಡೆ ತಿಂದು, ಏಲಕ್ಕಿ ಜಾಸ್ತಿಯಾಗಿದೆ ಎಂದು ತಾವೇ ಒಂದು ದೂರು ಹೇಳಿದರು. ಕೃತಜ್ಞತೆಯನ್ನು ಕಂಡರೆ ಇಷ್ಟು ಬೆದರುವ ಮನುಷ್ಯನಿಗೆ ಒಳಗೆ ಏನೋ ಅಳುಕಿರಲೇಬೇಕು ಎಂದು ನಾನು ಲೆಕ್ಕ ಹಾಕಿದೆ.

ಅವರ ಹಿಂದುಮುಂದು ತಿಳಿದದ್ದು ಮಾರ್ಕಮ್ಮಿನ ಒಂದು ಸತ್ಯನಾರಾಯಣ ಪೂಜೆಯಲ್ಲಿ. ಅಲ್ಲಿನ ನಮ್ಮ ಕನ್ನಡದವರ ಒಂದು ಸಣ್ಣ ಕೂಟದ ಅಧ್ಯಕ್ಷರು ಕಾಕಾನ ಊರಿನವರೇ. ಥಾರ್ನ್‌ಹಿಲ್ಲಿನ ಮುದುಕರ ಮಾತು ತೆಗೆದದ್ದೇ ತಡ, ಪ್ರಸಾದದ ತಟ್ಟೆಯನ್ನು ಪಕ್ಕಕ್ಕಿಟ್ಟು ಕಾಕಾನ ಅಜ್ಜನ ಕಥೆ ಶುರುಮಾಡಿದರು.

ಅಜ್ಜ ಬ್ರಿಟಿಷರ ಕಾಲದ ದೊಡ್ಡ ಸಾಹುಕಾರರು. ಊರಿಗೆ ಹತ್ತಿ ತರುತ್ತಿದ್ದ ಗಾಡಿಯವರಿಗೆ ಚುರುಮುರಿ, ಬೆಲ್ಲ ಮಾರುವ ಅಂಗಡಿಯಿಂದ ಮೇಲೆ ಬಂದವರು. ಗಾಡಿಯವರ ಮಾತು ಕೇಳುತ್ತ ಕೇಳುತ್ತ ಯಾವ ಹೊಲದ ಹತ್ತಿ ಹೇಗೆ ಎಂಬುದನ್ನು ತಿಳಿದು, ಮುಂಬಯಿಯ ಇಂಗ್ಲಿಷ್ ಕಂಪನಿಗೆ ದಲಾಲರಾದರು. ಯುದ್ಧದ ಕಾಲಕ್ಕೆ ಹತ್ತಿಯ ಬೆಲೆ ಏರಿದಾಗ ಸ್ವಂತ ಗಿರಣಿ ಹಾಕಿದರು. ಮುನಿಸಿಪಾಲಿಟಿಯ ಅಧ್ಯಕ್ಷರಾಗಿ ಊರಿಗೆ ನಲ್ಲಿಯ ನೀರು ತಂದರು. ಮುಂಬಯಿಯ ಕೌನ್ಸಿಲ್ಲಿಗೆ ಆರಿಸಿ ಹೋಗಿ, ರೈತರ ರಸ್ತೆಗಳ ಬಗ್ಗೆ ಗವರ್ನರರ ಎದುರು ನಿಂತು ಮಾತಾಡಿದರು. ಸರಕಾರ ರಾವ್ ಬಹಾದ್ದೂರ್ ಎಂಬ ಬಿರುದು ಕೊಟ್ಟಿತು. ಮನೆಯಲ್ಲಿ ಖಾದಿ ಟೋಪಿಯೂ ಇತ್ತಂತೆ, ದರ್ಬಾರಿನ ಜರಿ ರುಮಾಲೂ ಇತ್ತಂತೆ. ಯಾವ ದಿನ ತಲೆಯ ಮೇಲೆ ಯಾವುದು ಎಂಬುದು ಅಂದು ಬರುವ ಅತಿಥಿಯನ್ನು ಅವಲಂಬಿಸಿತ್ತು. ಅಧ್ಯಕ್ಷರು ಇದನ್ನು ಜಾಣತನವೆಂದು ಹೇಳಿದರು. ನಾನು ಬೇರೆ ಖಾನೆಯಲ್ಲಿ ಬರೆದುಕೊಂಡೆ.

ದಾನಕ್ಕಂತೂ ಕೊನೆಯಿರಲಿಲ್ಲ. ಹೆರಿಗೆ ಆಸ್ಪತ್ರೆ ಕಟ್ಟಿಸಿದರು. ಬಡ ವಿದ್ಯಾರ್ಥಿಗಳು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಶಾಲೆ ಕಲಿಯುತ್ತಿದ್ದ ಕಾಲ ಅದು. ಊರಿನ ಉಳಿದ ಮನೆಗಳವರು ಒಬ್ಬ ಹುಡುಗನಿಗೆ ಒಂದು ವಾರ, ಅಂದರೆ ವಾರದಲ್ಲಿ ಒಂದು ದಿನದ ಊಟ, ಕೊಟ್ಟರೆ ಹೆಚ್ಚು. ಸಾಹುಕಾರರ ವಾಡೆಯಲ್ಲಿ ಏಳೂ ದಿನ ಪಂಕ್ತಿ ಕೂರುತ್ತಿತ್ತು. ಅಧ್ಯಕ್ಷರ ತಂದೆಯೂ ಅಲ್ಲಿ ಉಂಡೇ ಓದಿ ಮೇಷ್ಟರಾದವರು. "ನಾನು ಹುಟ್ಟಿದ್ದು ಆ ಆಸ್ಪತ್ರ್ಯಾಗ ರೀ" ಎನ್ನುವಾಗ ಅಧ್ಯಕ್ಷರ ಕಣ್ಣು ಒದ್ದೆಯಾಗಿತ್ತು. ಊರ ಸರ್ಕಲ್ಲಿನಲ್ಲಿ ಸಾಹುಕಾರರ ಪ್ರತಿಮೆ ಇದೆ, ವರ್ಷ ವರ್ಷ ಜಯಂತಿ ನಡೆಯುತ್ತದೆ, ಮೊಮ್ಮಗ ಮಾತ್ರ ಕರೆದರೂ ಹೋಗುವುದಿಲ್ಲ ಎಂದರು.

ಇಡೀ ಕಥೆಯಲ್ಲಿ ಒಂದು ಕೆಟ್ಟ ಮಾತಿಲ್ಲ. ಒಂದು ಸುಕ್ಕೂ ಇಲ್ಲದ ಅರ್ಜಿಯನ್ನು ನಾವು ಎರಡು ಸಲ ಓದುತ್ತೇವೆ. ಮುಂದಿನ ಬುಧವಾರ ಬೇಳೆಯ ತಟ್ಟೆಯ ಎದುರು ಕುಳಿತು, ನಿಮ್ಮ ಅಜ್ಜ ದೊಡ್ಡ ದಾನಿಗಳಂತಲ್ಲ ಎಂದು ಕೆಣಕಿದೆ. ಕಾಕಾನ ಬೆರಳು ಒಂದು ಕ್ಷಣ ನಿಂತಿತು.

"ಆಸ್ಪತ್ರಿ ಖರೇನ" ಎಂದರು. ಮತ್ತೆ ಬೆರಳು ನಡೆಯಿತು.

ಆ ವರ್ಷದ ರಾಜ್ಯೋತ್ಸವಕ್ಕೆ ಸಾಹುಕಾರರ ಭಾವಚಿತ್ರವಿಟ್ಟು ಮೊಮ್ಮಗನಿಗೆ ಸನ್ಮಾನ ಮಾಡಬೇಕೆಂದು ಅಧ್ಯಕ್ಷರು ಹಟ ಹಿಡಿದರು. ದಾನದ ಮನೆತನ, ಅಜ್ಜ ಅಲ್ಲಿ ಅನ್ನ ಹಾಕಿದರು, ಮೊಮ್ಮಗ ಇಲ್ಲಿ ಹಾಕುತ್ತಿದ್ದಾರೆ ಎಂದು ಕರಪತ್ರವೂ ತಯಾರಾಯಿತು. ಕೇಳಿದಾಗಲೆಲ್ಲ ಕಾಕಾ ಒಲ್ಲೆ ಎಂದರು. ಕೊನೆಗೆ ಒಂದು ದಿನ, ಏನು ತಿಳಿಯಿತೋ, ಆಗಲಿ ಎಂದುಬಿಟ್ಟರು. ಒಂದು ಷರತ್ತು ಹಾಕಿದರು. ತಾವು ಭಾಷಣ ಮಾಡುವುದಿಲ್ಲ. ತಮ್ಮ ಮನೆಯಲ್ಲಿ ಉಣ್ಣುವ ಮಕ್ಕಳಲ್ಲಿ ಒಬ್ಬರು ಮಾತಾಡಬೇಕು. ಅಧ್ಯಕ್ಷರು ನಮ್ಮ ಹುಡುಗಿಯನ್ನು ಆರಿಸಿದರು, ಸೀರೆ ಉಡಲು ಬರುತ್ತದೆ ಎಂಬ ಕಾರಣಕ್ಕೆ.

ನನಗೆ ದಿಗಿಲು ಹತ್ತಿತು. ಫೋಟೋ ಒಲ್ಲದ ಮನುಷ್ಯ ಶಾಲು ಹೊದೆಯಲು ಒಪ್ಪುವುದೆಂದರೇನು? ಕಡೆಗೂ ಹೊಗಳಿಕೆಯ ರುಚಿ ಹತ್ತಿತು, ಈಗ ನನ್ನ ತಂಗಿಯ ಮಗಳ ಬಾಯಿಂದ ಹೇಳಿಸುತ್ತಿದ್ದಾರೆ ಎಂದೇ ನಾನು ತಿಳಿದದ್ದು. ಹುಡುಗಿಯ ಶಿಫ್ಟುಗಳು ಇನ್ನೂ ಸರಿಹೋಗಿರಲಿಲ್ಲ. ಅವರ ಸೂರಿನ ಕೆಳಗಿದ್ದಾಳೆ. ಮುದುಕರ ಮನಸ್ಸು ಕೆಟ್ಟರೆ ನಡುಚಳಿಗಾಲದಲ್ಲಿ ಅವಳು ಬೇರೆ ರೂಮು ಹುಡುಕಬೇಕು. ಸಿಗದಿದ್ದರೆ ಓದು ಬಿಟ್ಟು ನಮ್ಮ ಮನೆಗೆ ಬಂದು ಕೂರಬೇಕು. ಇದನ್ನೆಲ್ಲ ಅವಳಿಗೆ ಬಿಡಿಸಿ ಹೇಳಿದೆ.

"ಸುಮ್ನೆ ಎರಡು ಒಳ್ಳೆ ಮಾತಾಡಿ ಇಳಿದು ಬಾ. ನಿನ್ನ ಬುಧವಾರದ ಬಾಯಿ ಅಲ್ಲಿ ಬೇಡ ಕಣೇ."

ಅನ್ನದಾತ, ಆಶ್ರಯದಾತ ಎಂದೆಲ್ಲ ಸೇರಿಸಿ ಎರಡು ವಾಕ್ಯಗಳನ್ನು ನಾನೇ ಬಾಯಿಪಾಠ ಮಾಡಿಸಿದೆ.

ಮಾರ್ಕಮ್ಮಿನ ಒಂದು ಶಾಲೆಯ ಸಭಾಂಗಣ. ಹಿಂದಿನ ಮೇಜುಗಳ ಮೇಲೆ ಅಲ್ಯೂಮಿನಿಯಂ ಟ್ರೇಗಳಲ್ಲಿ ಬಿಸಿಬೇಳೆಬಾತು, ಅದರ ಸುತ್ತ ಇಂಗ್ಲಿಷಿನಲ್ಲಿ ಕಿತ್ತಾಡುವ ಮಕ್ಕಳು. ವೇದಿಕೆಯ ಮೇಲೆ ಸಾಹುಕಾರರ ದೊಡ್ಡ ಭಾವಚಿತ್ರ, ಜರಿ ರುಮಾಲು, ಎದೆಯ ಮೇಲೆ ಪದಕ, ಗಂಧದ ಹಾರ. ಅದರ ಕೆಳಗೆ ಕುರ್ಚಿಯಲ್ಲಿ ಕಾಕಾ. ಮೈಸೂರು ಪೇಟ ಅವರ ತಲೆಗೆ ಒಂದು ಅಳತೆ ದೊಡ್ಡದಾಗಿತ್ತು. ತೊಡೆಯ ಮೇಲೆ ಹಣ್ಣಿನ ಬುಟ್ಟಿಯನ್ನು ಇಟ್ಟುಕೊಂಡು, ರೈಲಿಗೆ ಕಾದವರಂತೆ ಕುಳಿತಿದ್ದರು.

ಹುಡುಗಿ ಬಂದು ನಾನು ಕಲಿಸಿದ ಎರಡು ವಾಕ್ಯಗಳನ್ನು ತಪ್ಪಿಲ್ಲದೆ ಒಪ್ಪಿಸಿದಳು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಅವಳು ಇಳಿಯಲು ತಿರುಗಿದಾಗ ಅಧ್ಯಕ್ಷರಿಗೆ ಉತ್ಸಾಹ ತಡೆಯಲಿಲ್ಲ. ಮೈಕನ್ನು ಅವಳ ಮುಂದೆ ಹಿಡಿದು, ಊಟ ಹೇಗಿರುತ್ತದೆ ಎಂಬುದನ್ನೂ ಸಭೆಗೆ ಹೇಳು ಮಗಳೇ ಎಂದರು.

ಅವಳು ಕಾಕಾನ ಕಡೆ ನೋಡಿದಳು. ಕಾಕಾ ಕನ್ನಡಕವನ್ನು ಹಣೆಯ ಮೇಲಕ್ಕೆ ಸರಿಸಿದರು. ಪೇಟ ಹಿಂದಕ್ಕೆ ವಾಲಿತು.

"ಅನ್ನ ಮುದ್ದೆ ಆಗಿರತ್ತೆ" ಎಂದಳು ಹುಡುಗಿ. "ಬೇಳೆ ಸರಿಯಾಗಿ ಬೆಂದಿರಲ್ಲ. ಆರಿಸೋದಕ್ಕೆ ಅಷ್ಟು ಹೊತ್ತು ತಗೋತಾರೆ, ಬೇಯಿಸೋದಕ್ಕೆ ಮಾತ್ರ ಅವಸರ."

ಮುಂದಿನ ಸಾಲಿನಲ್ಲಿ ಒಬ್ಬರು ನಕ್ಕರು, ಬೇರೆ ಯಾರೂ ನಗಲಿಲ್ಲವೆಂದು ತಿಳಿದು ಕೆಮ್ಮಿಗೆ ತಿರುಗಿಸಿಕೊಂಡರು. ಅಧ್ಯಕ್ಷರು ಮೈಕನ್ನು ಕಿತ್ತುಕೊಂಡಂತೆ ತೆಗೆದುಕೊಂಡು, ಈಗಿನ ಮಕ್ಕಳಿಗೆ ಅನ್ನದ ಋಣ ಗೊತ್ತಿಲ್ಲ, ಅವರನ್ನು ಕ್ಷಮಿಸಬೇಕು ಎಂದು ಶುರುಮಾಡಿದರು. ಅಕ್ಕಪಕ್ಕದವರು ನನ್ನ ಕಡೆ ತಿರುಗಿ ನೋಡಿದರು. ಮುಗಿಯಿತು ಇವಳ ಕಥೆ ಎಂದುಕೊಂಡೆ. ನಮ್ಮ ಮನೆಯ ಯಾವ ರೂಮಿನ ಸಾಮಾನು ಖಾಲಿ ಮಾಡಬೇಕು, ತಂಗಿಗೆ ಏನೆಂದು ಹೇಳಬೇಕು ಎಂಬುದೆಲ್ಲ ತಲೆಯಲ್ಲಿ ಓಡಿತು.

ಕಾಕಾ ಎದ್ದರು. ಬುಟ್ಟಿಯನ್ನು ಕುರ್ಚಿಯ ಮೇಲಿಟ್ಟು ಬಂದು ಮೈಕಿಗೆ ಕೈ ಚಾಚಿದರು. ಅಧ್ಯಕ್ಷರು ಕೊಡದೆ ವಿಧಿಯಿರಲಿಲ್ಲ. ಕಾಕಾ ಸಭೆಯ ಕಡೆ ನೋಡಲೇ ಇಲ್ಲ.

"ಬುಧವಾರ ಬಾ ಯವ್ವಾ" ಎಂದರು ಹುಡುಗಿಗೆ. "ಬ್ಯಾಳಿ ಇನ್ನೊಂದಿಷ್ಟು ಕುದಸ್ತೀನಿ."

ಅಷ್ಟು ಹೇಳಿ ಮೈಕನ್ನು ವಾಪಸು ಕೊಟ್ಟು, ಅಜ್ಜನ ಭಾವಚಿತ್ರದ ಕಡೆ ತಿರುಗಿ ಒಂದಷ್ಟು ಹೊತ್ತು ಅದನ್ನೇ ನೋಡುತ್ತ ನಿಂತರು. ಜನ ಇದನ್ನು ತಮಾಷೆ ಎಂದು ತಿಳಿದು ಜೋರಾಗಿ ಚಪ್ಪಾಳೆ ತಟ್ಟಿದರು.

ಅವರಿಬ್ಬರನ್ನೂ ನಾನೇ ಕಾರಿನಲ್ಲಿ ಥಾರ್ನ್‌ಹಿಲ್ಲಿಗೆ ಕರೆದುಕೊಂಡು ಹೊರಟೆ. ನವೆಂಬರಿನ ಸಂಜೆ, ಆಗಲೇ ಕತ್ತಲಾಗುತ್ತಿತ್ತು. ಕಾಕಾ ಪೇಟವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತಿದ್ದರು, ಹುಡುಗಿ ಹಿಂದೆ. ಅವಳ ಪರವಾಗಿ ಕ್ಷಮೆ ಕೇಳಲು ನಾನು ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಅವರೇ ಮಾತು ತೆಗೆದರು.

"ಅವತ್ತ ಹೇಳಿದ್ನಲ್ಲ, ಆಸ್ಪತ್ರಿ ಖರೇನ ಅಂತ. ಹುಳಾನೂ ಖರೇನ ಅಕ್ಕಾರ."

ಆಮೇಲೆ ದಾರಿಯುದ್ದಕ್ಕೂ ಹೇಳಿದರು. ಅವರಿಗೆ ಇದನ್ನು ಹೇಳಿದ್ದು ಅವರ ಆಯಿ, ಅಂದರೆ ಸಾಹುಕಾರರ ಹೆಂಡತಿ. ಒಂದು ಮಳೆಗಾಲ ವಾಡೆಯ ಉಗ್ರಾಣದಲ್ಲಿದ್ದ ಬೇಳೆಗೆ ಹುಳ ಬಿದ್ದಿತ್ತು. ಚೀಲಗಳನ್ನು ಹೊರಗೆ ಹಾಕಿಸೋಣ ಎಂದು ಆಯಿ ಗಂಡನಿಗೆ ಹೇಳಿದ್ದಳು. ಮನೆಯವರ ಊಟಕ್ಕೆ ಬೇರೆ ತರಿಸಿ, ಇದು ಹುಡುಗರಿಗೆ ನಡೆಯುತ್ತದೆ ಎಂದರಂತೆ ಸಾಹುಕಾರರು. ಆಯಿ ಹಗಲೆಲ್ಲ ಕೂತು ಆರಿಸಿದಳು. ಅಷ್ಟು ಬೇಳೆಯಲ್ಲಿ ಎಷ್ಟೆಂದು ಆರಿಸಿಯಾಳು. ಆ ಪಂಕ್ತಿಯಲ್ಲಿ ಉಂಡ ಹುಡುಗರು ಏಳುವ ಮೊದಲು ತೂಗುಮಂಚದ ಮೇಲೆ ಕೂತ ಸಾಹುಕಾರರ ಎದುರು ನಿಂತು, ಊಟ ಭಾಳ ಚಲೋ ಆತು ಎಂದು ಕೈ ಮುಗಿಯುವ ಪದ್ಧತಿ. ಎಲ್ಲರೂ ಕೈ ಮುಗಿದರು.

ಒಂದು ಬುಧವಾರ ಕಲೆಕ್ಟರ್ ಸಾಹೇಬರು ವಾಡೆಗೆ ಬಂದರು. ಪಂಕ್ತಿ ನೋಡಿ ಮೆಚ್ಚಿ, ಊಟ ಹೇಗಿದೆ ಎಂದು ಕೊನೆಯಲ್ಲಿ ಕೂತಿದ್ದ ಹುಡುಗನನ್ನು ಕೇಳಿಸಿದರು. ಬೇಳೆಯಲ್ಲಿ ಹುಳ ಇರುತ್ತವೆ ಎಂದ ಅವನು. ಸಾಹುಕಾರರು ಗಟ್ಟಿಯಾಗಿ ನಕ್ಕು ಅವನ ಬೆನ್ನು ತಟ್ಟಿದರು. ನನ್ನ ಮನೆಯ ಹುಡುಗರು ಎಷ್ಟು ನಿರ್ಭಯರು ನೋಡಿ ಎಂದು ಸಾಹೇಬರಿಗೆ ಹೇಳಿದರು. ಸಾಹೇಬರೂ ನಕ್ಕರು. ಮುಂದಿನ ಬುಧವಾರ ಆ ಹುಡುಗ ಬಂದಾಗ ಅವನಿಗೆ ಎಲೆ ಹಾಕಿರಲಿಲ್ಲ. ಉಳಿದವರು ಉಂಡು ಏಳುವ ತನಕ ಬಾಗಿಲಲ್ಲೇ ನಿಂತಿದ್ದ. ಸಾಹುಕಾರರು ಯಾರಿಗೂ ಏನೂ ಹೇಳಿರಲಿಲ್ಲ. ಆದರೂ ಊರಿನ ಬೇರೆ ಮನೆಗಳಲ್ಲೂ ಅವನ ವಾರಗಳು ಒಂದೊಂದಾಗಿ ನಿಂತುಹೋದವು. ಮುನಿಸಿಪಾಲಿಟಿಯ ಅಧ್ಯಕ್ಷರು ಹೊರಹಾಕಿದ ಹುಡುಗನಿಗೆ ಅನ್ನ ಹಾಕುವ ಧೈರ್ಯ ಯಾರಿಗಿತ್ತು? ಅವನು ಶಾಲೆ ಬಿಟ್ಟು, ಗಂಟು ಹೊತ್ತುಕೊಂಡು ವಾಡೆಯ ಮುಂದೆಯೇ ಹಾದುಹೋದದ್ದನ್ನು ಆಯಿ ಮಾಳಿಗೆಯ ಕಿಟಕಿಯಿಂದ ನೋಡಿದಳು.

"ಆಯಿ ಅವನನ್ನ ಕರೀಲಿಲ್ಲ. ಅದನ್ನ ಹೇಳ್ಕೋತ ಬ್ಯಾಳಿ ಆರಸ್ತಿದ್ಲು, ಸಾಯೂತನಕ. ನಾ ಬಾಜೂಕ ಕೂತು ಕೇಳ್ತಿದ್ದೆ."

ಕಾರು ಸಿಗ್ನಲ್ಲಿನಲ್ಲಿ ನಿಂತಿತ್ತು. ಹಾಗಾದರೆ ಆ ಪಾಪ ಕಳೆಯಲು ಈ ಬುಧವಾರಗಳೋ ಎಂದು ಕೇಳಿದೆ. ಕಾಕಾ ತಲೆ ಅಲ್ಲಾಡಿಸಿದರು.

"ಪಾಪ ಗೀಪ ಏನಿಲ್ಲರಿ. ಮಂದಿಗೆ ಉಣ್ಣಾಕ ಹಾಕಬೇಕು ಅನ್ನೂದು ನಮ್ಮ ಮನಿ ಚಟ, ನನಗೂ ಬಂದದ. ಆದ್ರ ನಾನೂ ಅವರ ಮೊಮ್ಮಗನ ಅಲ್ಲೇನು? ಉಂಡವರು ಕೈ ಮುಗದ್ರ ನನಗೂ ಹಿತ ಅನಸ್ತದ. ನಿಮಗೇನು ಸಿಗ್ತದ ಅಂತ ಅವತ್ತ ನೀವು ಕೇಳಿದ್ರಿ. ನಾ ಅದನ್ನ ದಿನಾ ಕೇಳ್ಕೋತೀನಿ. ನನ್ನ ಮ್ಯಾಲ ನನಗ ಭಾಳ ಸಂಶಯ ಅದ ಅಕ್ಕಾರ."

ಎಷ್ಟೋ ವರ್ಷಗಳಿಂದ ಊರವರನ್ನೆಲ್ಲ ಅನುಮಾನದಿಂದ ನೋಡಿ ಸಂಬಳ ತೆಗೆದುಕೊಂಡವಳು ನಾನು. ಆ ಕಣ್ಣನ್ನು ತಮ್ಮ ಕಡೆಗೇ ತಿರುಗಿಸಿಕೊಂಡು ಬದುಕುವವರನ್ನು ಕಂಡಿರಲಿಲ್ಲ. ಸಿಗ್ನಲ್ಲು ಹಸಿರಾದದ್ದು ಹಿಂದಿನ ಕಾರಿನವನು ಹಾರನ್ನು ಹೊಡೆದಾಗಲೇ ಗೊತ್ತಾದದ್ದು.

"ಮಜ್ಜಿಗೇನೂ ಹುಳಿ ಇರತ್ತೆ ಕಾಕಾ" ಎಂದಳು ಹಿಂದಿನ ಸೀಟಿನಿಂದ ಹುಡುಗಿ. "ಅಲ್ಲಿ ಹೇಳೋದು ಮರೆತುಹೋಯ್ತು."

ಕಾಕಾ ಪೇಟ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಆವರೆಗೆ ನೋಡಿರಲಿಲ್ಲ.

ಹುಡುಗಿ ಓದು ಮುಗಿಸುವವರೆಗೂ ಆ ಬೇಸ್‌ಮೆಂಟಿನಲ್ಲೇ ಇದ್ದಳು. ಮರುವರ್ಷದ ಚಳಿಗಾಲದಲ್ಲಿ ಕಾಕಾ ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿದರು. ನೋಡಲು ಹೋದಾಗ ಅಲ್ಲಿನ ಸೂಪಿನ ಬಗ್ಗೆ ನರ್ಸಿಗೆ ವಿವರವಾಗಿ ದೂರು ಹೇಳುತ್ತಿದ್ದರು. ನರ್ಸು ಹೋದ ಮೇಲೆ, ಎಷ್ಟೋ ದಿನದಿಂದ ನನ್ನನ್ನು ಕೊರೆಯುತ್ತಿದ್ದ ಮಾತನ್ನು ಕೇಳಿಯೇಬಿಟ್ಟೆ. ಅಜ್ಜನ ಚಿತ್ರದ ಎದುರಿಗೇ ಹುಡುಗಿ ಹಾಗೆ ಹೇಳಲಿ ಎಂದೇ ನೀವು ಸನ್ಮಾನಕ್ಕೆ ಒಪ್ಪಿದ್ದಲ್ಲವೇ?

"ನಿಮಗೇನ ಅನಸ್ತದ?" ಎಂದರು.

ನನಗೆ ಅನುಮಾನ ಎಂದೆ. ಕಾಕಾ ಕಣ್ಣು ಮುಚ್ಚಿಕೊಂಡು, "ಇರಲಿ ಬಿಡ್ರಿ, ಚಲೋ ಅದ" ಎಂದರು. ಅವರೊಡನೆ ನನ್ನ ಕೊನೆಯ ಮಾತು ಅದು. ಆ ವಾರವೇ ತೀರಿಕೊಂಡರು. ಉತ್ತರ ಸಿಗದೆ ಉಳಿದ ಪ್ರಶ್ನೆಗಳು ನನ್ನ ಆಫೀಸಿನಲ್ಲಿ ಬೇಕಾದಷ್ಟಿವೆ. ಅವಕ್ಕಾಗಿ ನಾನು ಅತ್ತಿಲ್ಲ. ಇದಕ್ಕೆ ಅತ್ತೆ.

ಮನೆ ಮಾರಾಟವಾಯಿತು. ಕಾಕಾ ಹೋದ ನಂತರದ ಮೊದಲ ಮಂಗಳವಾರ ಹುಡುಗಿ ಫೋನು ಮಾಡಿ, "ನಾಳೆ ಏನ್ಮಾಡೋದು ದೊಡ್ಡಮ್ಮ?" ಎಂದಿದ್ದಳು. ಅಂದಿನಿಂದ ಬುಧವಾರ ನಮ್ಮ ಮನೆಯಲ್ಲಿದೆ. ಥಾರ್ನ್‌ಹಿಲ್ಲಿನವರು ಇಷ್ಟು ದೂರ ಪ್ರತಿ ವಾರ ಬರಲಾರರು, ಆಗಾಗ ಬರುತ್ತಾರೆ. ಇಲ್ಲಿನ ಗೋದಾಮುಗಳಲ್ಲಿ ಶಿಫ್ಟು ಮಾಡುವ ಹೊಸ ಮಕ್ಕಳು ಸೇರಿಕೊಂಡಿದ್ದಾರೆ. ಅನ್ನದ ಜವಾಬ್ದಾರಿ ನನ್ನ ಗಂಡನದು, ಅದು ಇಲ್ಲೂ ಮುದ್ದೆಯೇ. ನಾನು ಪ್ಯಾಕೆಟ್ಟಿನ ಬೇಳೆಯನ್ನು ತಟ್ಟೆಗೆ ಸುರಿದು, ಕನ್ನಡಕ ಮೇಲೆ ಸರಿಸಿ, ಆರಿಸುತ್ತೇನೆ. ಇವತ್ತಿನವರೆಗೆ ಏನೂ ಸಿಕ್ಕಿಲ್ಲ.

ಕಳೆದ ವಾರ ದಾವಣಗೆರೆಯ ಒಬ್ಬ ಹೊಸ ಹುಡುಗ ಬಂದಿದ್ದ. ಎರಡು ಸಲ ಬಡಿಸಿಕೊಂಡು ಉಂಡು, ಎದ್ದು ನಿಂತು, ಎರಡೂ ಕೈ ಜೋಡಿಸಿದ. ಊಟ ತುಂಬ ಚೆನ್ನಾಗಿತ್ತು ಆಂಟಿ, ನಿಮ್ಮ ಋಣ ಈ ಜನ್ಮದಲ್ಲಿ ತೀರಿಸಲು ಆಗುವುದಿಲ್ಲ ಎಂದ. ಸುಳ್ಳು ಯಾಕೆ ಹೇಳಲಿ, ಆ ಮಾತು ಬೆಲ್ಲದ ಪಾನಕದ ಹಾಗೆ ತಣ್ಣಗೆ ಒಳಗೆ ಇಳಿಯಿತು. ಇನ್ನೊಂದು ಸಲ ಹೇಳಲಿ ಅನ್ನಿಸಿತು. ಹಾಗೆ ಅನ್ನಿಸಿದ್ದು ತಿಳಿದೊಡನೆ ಕನ್ನಡಕವನ್ನು ಹಣೆಗೇರಿಸಿದೆ.

"ಕೂತ್ಕೊಳಪ್ಪ" ಎಂದೆ. "ಖರೆ ಹೇಳು."

ಅವನು ಗಾಬರಿಯಿಂದ ನಮ್ಮ ಹುಡುಗಿಯ ಕಡೆ ನೋಡಿದ. ಅವಳು ಹೇಳು ಎಂಬಂತೆ ತಲೆ ಅಲ್ಲಾಡಿಸಿದಳು. ಅವನು ಮತ್ತೆ ಕೂತು, ಸಾರಿಗೆ ಉಪ್ಪು ಸ್ವಲ್ಪ ಜಾಸ್ತಿ ಆಗಿತ್ತು ಎಂದ.

"ಬುಧವಾರ ಬಾ" ಎಂದೆ.